ನಾಲ್ಕೂವರೆಯ ಹಸಿವಿಗೆ ನಮ್ಮ ಹತ್ತಿರ ಎಂತ ಉಂಟು?



ಈ ಸಲದ ಬರಹ ಅರ್ಜಿ, ಆದೇಶ, ನೇಮಕಾತಿಗಳ ಬಗ್ಗೆ ಅಲ್ಲ. ನಮ್ಮ ಮಕ್ಕಳ ಹೊಟ್ಟೆಯ ಬಗ್ಗೆ ನಾಲ್ಕು ಮಾತು. ಕೊನೆಗೆ ಅದು ಭಾಷೆಗೂ ಬಂದು ಮುಟ್ಟುತ್ತದೆ. ಆದರೆ ಮೊದಲು ಹೊಟ್ಟೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಬದಿಯಡ್ಕ ಪೇಟೆಯಲ್ಲಿ ಬಸ್ಸಿಗೆ ಕಾಯ್ತಾ ನಿಂತಿದ್ದೆ. ಶಾಲೆ ಬಿಟ್ಟ ಹೊತ್ತು, ಗಂಟೆ ನಾಲ್ಕೂವರೆ ಆಗಿರಬೇಕು. ಮಳೆ ಬೇರೆ. ಬೇಕರಿಯ ಮುಂದೆ ಯುನಿಫಾರ್ಮ್ ಹಾಕಿದ ಮಕ್ಕಳ ಗುಂಪು. ಒಬ್ಬನ ಕೈಯಲ್ಲಿ ಪಫ್ಸ್, ಇನ್ನೊಬ್ಬಳ ಕೈಯಲ್ಲಿ ಚಿಪ್ಸ್ ಪ್ಯಾಕೆಟ್, ಮೂವರ ನಡುವೆ ಒಂದು ಕೆಂಪು ಬಣ್ಣದ ಜ್ಯೂಸ್ ಬಾಟ್ಲಿ. ಆ ಗುಂಪಿನಲ್ಲಿ ನನ್ನ ಅಕ್ಕನ ಮಗಳೂ ಇದ್ದಳು, ಹತ್ತನೇ ಕ್ಲಾಸು. ನನ್ನನ್ನು ನೋಡಿ ಸ್ವಲ್ಪ ನಾಚಿದಳು.

"ಎಂತ ಮಗಾ, ಮನೆಯಲ್ಲಿ ಇವತ್ತು ತಿನ್ಲಿಕ್ಕೆ ಎಂತದೂ ಇಲ್ವಾ?"

"ಎಂತದೂ ಇಲ್ಲ ಮಾವ."

ನಾನು ಅವಳ ಜೊತೆಗೇ ಅಕ್ಕನ ಮನೆಗೆ ಹೋದೆ. ಒಳಗೆ ಕಾಲಿಡುವಾಗಲೇ ಪರಿಮಳ. ಹಬೆಯಿಂದ ಆಗಷ್ಟೇ ಇಳಿಸಿದ ಹಲಸಿನ ಹಣ್ಣಿನ ಕಡುಬು. ಕೆಲವರು ಗಟ್ಟಿ ಅಂತೀರಿ, ಕೆಲವರು ಕೊಟ್ಟಿಗೆ ಅಂತೀರಿ. ಬಾಳೆಲೆ ಬಿಡಿಸಿದ ಮೇಲೆ ತುಪ್ಪ. ನಾನು ಮೂರು ತಿಂದೆ. ಅವಳು ಮುಟ್ಟಲಿಲ್ಲ, ಹೊಟ್ಟೆ ತುಂಬಿತ್ತಲ್ಲ.

"ಎಂತದೂ ಇಲ್ಲ ಅಂದೆಯಲ್ಲ ಮಗಾ, ಇದು ಎಂತ ಮತ್ತೆ?"

"ಇದು ಉಂಟು ಮಾವ. ಆದ್ರೆ ಇದು ಮನೆಯದ್ದಲ್ವಾ?"

ಆ ಮಾತು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಅವಳು ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ "ತಿನ್ಲಿಕ್ಕೆ ಇರುವುದು" ಅಂದರೆ ಅಂಗಡಿಯಲ್ಲಿ ಇರುವುದು, ದುಡ್ಡು ಕೊಟ್ಟು ಕೇಳುವುದು, ಗೆಳತಿಯರ ಎದುರು ತಿನ್ನುವುದು. ಮನೆಯ ಕಡುಬು ಆ ಪಟ್ಟಿಯಲ್ಲೇ ಇಲ್ಲ. ರುಚಿ ಇಲ್ಲ ಅಂತ ಅವಳು ಹೇಳಿಲ್ಲ. ಲೆಕ್ಕಕ್ಕೇ ಹಿಡಿಯಲಿಲ್ಲ, ಅಷ್ಟೆ.

ಇನ್ನು ಮುಂದೆ ಹೇಳುವ ಮೊದಲು ಒಂದು ಸ್ಪಷ್ಟನೆ. ಇದು ಬಿರಿಯಾನಿ ವಿರುದ್ಧದ, ಶವರ್ಮ ವಿರುದ್ಧದ ಬರಹ ಅಲ್ಲ. ನಮ್ಮ ಕಾಸರಗೋಡು ಯಾವತ್ತೂ ಒಂದೇ ಅಡುಗೆಮನೆಯ ಊರು ಆಗಿರಲಿಲ್ಲ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಎಲ್ಲ ಮಾತಾಡುವ ಮನೆಗಳು ಒಂದೇ ರಸ್ತೆಯಲ್ಲಿ ಉಂಟು. ಕೆಸುವಿನ ಎಲೆಗೆ ಅಕ್ಕಿ-ಮಸಾಲೆಯ ಹಿಟ್ಟು ಹಚ್ಚಿ ಬೇಯಿಸಿದ್ದು ನಮಗೆ, ತುಳುವರಿಗೆ ಪತ್ರೊಡೆ, ಕೊಂಕಣಿಯವರಿಗೆ ಪತ್ರೊಡೊ. ಹಬ್ಬಕ್ಕೆ ಬ್ಯಾರಿ ಗೆಳೆಯನ ಮನೆಯಿಂದ ಬಂದ ಪತ್ತಿರಿ ತಿಂದು ಬೆಳೆದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಅದೂ ನಮ್ಮ ಊರಿನ ಊಟವೇ. ಶವರ್ಮ ಗಲ್ಫಿನಿಂದ ಬಂತು, ಹೌದು. ಆದರೆ ನಾವು ದಿನಾ ಅರೆಯುವ ಒಣಮೆಣಸೂ ಒಂದು ಕಾಲದಲ್ಲಿ ಹಡಗಿನಲ್ಲಿ ಬಂದದ್ದೇ. ಹೊರಗಿನಿಂದ ಬಂದದ್ದನ್ನೆಲ್ಲ ಬೇಡ ಅಂದರೆ ನಮ್ಮ ಸಾರು ಬೆಳ್ಳಗಾದೀತು ಮಾರಾಯ್ರೆ.

ಇನ್ನು ಶವರ್ಮ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ನಮ್ಮದೇ ಜಿಲ್ಲೆಯ ಚೆರುವತ್ತೂರು. 2022ರ ಮೇ ತಿಂಗಳ ಮೊದಲ ದಿನ ಅಲ್ಲಿ 16 ವರ್ಷದ ಒಬ್ಬಳು ವಿದ್ಯಾರ್ಥಿನಿ ಶವರ್ಮ ತಿಂದ ಬಳಿಕ ತೀರಿಕೊಂಡಳು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಪತ್ತೆ ಆಯಿತು. ಅದು ಮುಖ್ಯವಾಗಿ ಕೊಳಕು ಕೈ, ಕೊಳಕು ನೀರಿನಿಂದ ಹರಡುವಂಥದ್ದು. ಆಮೇಲೆ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ಕೇರಳ ಸರಕಾರ ನಿಷೇಧಿಸಿತು. ಒಳ್ಳೆಯದೇ ಆಯಿತು. ಆದರೆ ಆ ಘಟನೆಯಿಂದ ಕಲಿಯಬೇಕಾದ್ದು ಶುಚಿತ್ವದ ಪಾಠ. ಒಂದು ತಿಂಡಿಯ ಮೇಲೆ, ಅದನ್ನು ಮಾಡುವ ಒಂದು ಸಮುದಾಯದ ಮೇಲೆ ಕೈ ತೋರಿಸುವವರಿಗೆ ಈ ಪುಟದಲ್ಲಿ ಜಾಗ ಇಲ್ಲ. ಕೈ ತೊಳೆಯದೆ ಮಾಡಿದರೆ ನಮ್ಮ ಅವಲಕ್ಕಿ-ಮೊಸರಿನಿಂದಲೂ ಅದೇ ರೋಗ ಬರುತ್ತದೆ.

ಹಾಗಾದರೆ ತಕರಾರು ಎಂತದ್ದು?

ಹತ್ತರಿಂದ ಹತ್ತೊಂಬತ್ತರ ವಯಸ್ಸಿನ ಮಕ್ಕಳನ್ನು ಹದಿಹರೆಯದವರು ಅಂತ ಲೆಕ್ಕ ಹಾಕುತ್ತಾರೆ. ಎಲುಬು ಉದ್ದ ಆಗುವ, ರಕ್ತ ಹೆಚ್ಚು ಬೇಕಾಗುವ, ಎಷ್ಟು ತಿಂದರೂ ಹಸಿವಾಗುವ ಕಾಲ ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಕೇರಳದಲ್ಲಿ ಪರವಾಗಿಲ್ಲ, ಸುಮಾರು ಮೂರರಲ್ಲಿ ಒಬ್ಬಳಿಗೆ. ಆರೋಗ್ಯದಲ್ಲಿ ನಾವೇ ಮುಂದೆ ಅಂತ ಹೇಳಿಕೊಳ್ಳುವ ರಾಜ್ಯದಲ್ಲಿ ಮೂರರಲ್ಲಿ ಒಬ್ಬಳು ಅಂದರೆ ಒಂದು ಬೆಂಚಿನಲ್ಲಿ ಒಬ್ಬಳು. ಇದಕ್ಕೆಂದೇ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಶಾಲೆಯಲ್ಲಿ ಕೊಡುವ ಯೋಜನೆ ಉಂಟು. ಆ ಮಾತ್ರೆ ಎಷ್ಟು ಮಕ್ಕಳ ಹೊಟ್ಟೆಗೆ ಹೋಗುತ್ತದೆ, ಎಷ್ಟು ಕಿಟಕಿಯಿಂದ ಹೊರಗೆ ಹೋಗುತ್ತದೆ ಅಂತ ಮಕ್ಕಳನ್ನೇ ಕೇಳಿ ನೋಡಿ, ನಗ್ತಾರೆ.

ಈಗ ನಮ್ಮ ಮಕ್ಕಳ ಒಂದು ದಿನ ನೋಡುವ. ಬೆಳಿಗ್ಗೆ ಟ್ಯೂಷನ್ ಅಥವಾ ಏಳೂವರೆಯ ಬಸ್ಸು. ಅರ್ಧ ದೋಸೆ ತಿಂದು ಓಡುವುದು, ಕೆಲವು ದಿನ ಅದೂ ಇಲ್ಲ. ಎಂಟನೇ ಕ್ಲಾಸಿನವರೆಗೆ ಮಧ್ಯಾಹ್ನ ಶಾಲೆಯ ಊಟ ಉಂಟು, ವಾರದಲ್ಲಿ ಹಾಲು, ಮೊಟ್ಟೆ ಉಂಟು. ಒಂಬತ್ತನೇ ಕ್ಲಾಸಿಗೆ ಕಾಲಿಟ್ಟ ಕೂಡಲೇ ಅದು ನಿಂತಿತು. ಅಂದರೆ ಹೊಟ್ಟೆ ಅತಿ ಹೆಚ್ಚು ಕೇಳುವ ಹದಿನಾಲ್ಕರ ವಯಸ್ಸಿನಲ್ಲಿ ಸರಕಾರದ ಬಟ್ಟಲು ಹಿಂದೆ ಸರಿಯುತ್ತದೆ. ಒಂಬತ್ತು, ಹತ್ತು, ಪ್ಲಸ್ ವನ್, ಪ್ಲಸ್ ಟೂ, ಈ ನಾಲ್ಕು ವರ್ಷ ಟಿಫಿನ್ ಡಬ್ಬಿಯೇ ಗತಿ. ಆ ಡಬ್ಬಿಯನ್ನು ಹನ್ನೆರಡು ಮುಕ್ಕಾಲಿಗೆ ಗೆಳೆಯರ ನಡುವೆ ತೆರೆಯಬೇಕು. ಅಲ್ಲಿ ಬಸಳೆ ಸಾಂಬಾರಿಗೆ ಒಂದು ಅಡ್ಡಹೆಸರು, ಒಣಮೀನಿಗೆ ಮೂಗು ಮುಚ್ಚುವುದು. ಮಕ್ಕಳು ಮಕ್ಕಳೇ. ಎರಡು ದಿನ ನಗಾಡಿಸಿಕೊಂಡ ಹುಡುಗ ಮೂರನೆಯ ದಿನ ಡಬ್ಬಿ ತೆಗೆದುಕೊಂಡು ಹೋಗುವುದಿಲ್ಲ. ಹಾಗೆ ಮಧ್ಯಾಹ್ನ ಅರೆಹೊಟ್ಟೆ ಆದವನಿಗೆ ನಾಲ್ಕೂವರೆಗೆ ಬೇಕರಿಯೇ ದೇವಸ್ಥಾನ.

ಕಾನೂನು ಇಲ್ಲ ಅಂತಲ್ಲ. ಶಾಲಾ ಮಕ್ಕಳ ಆಹಾರದ ಬಗ್ಗೆ 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಬಂದಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿಂಡಿಯನ್ನು ಶಾಲೆಯ ಕ್ಯಾಂಟೀನಿನಲ್ಲಿ ಮಾರುವ ಹಾಗಿಲ್ಲ, ಗೇಟಿನಿಂದ 50 ಮೀಟರಿನೊಳಗೂ ಮಾರುವ ಹಾಗಿಲ್ಲ. ನಿಯಮ ಚಂದ ಉಂಟು. ಆದರೆ ನನ್ನ ಪ್ರಶ್ನೆ ಐವತ್ತೊಂದನೆಯ ಮೀಟರಿನದ್ದು. ಅಲ್ಲಿ ಹಸಿದು ನಿಂತ ಮಗುವಿಗೆ ಪಫ್ಸ್ ಬೇಡ ಅನ್ನುವ ನಾವು, ಅದರ ಬದಲಿಗೆ ಕೈಗೆ ಎಂತ ಕೊಟ್ಟಿದ್ದೇವೆ?

ಕೊಡಲಿಕ್ಕೆ ನಮ್ಮ ಹತ್ತಿರ ಇಲ್ಲದ್ದಾ? ಲೆಕ್ಕ ಮಾಡಿ. ಕುಚ್ಚಲಕ್ಕಿ: ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವಾಗ ತೌಡಿನ ಬಿ ಜೀವಸತ್ವಗಳು ಕಾಳಿನ ಒಳಗೆ ಇಳಿಯುತ್ತವೆ, ಹಾಗಾಗಿ ಬೆಳ್ತಿಗೆಗಿಂತ ಅದರಲ್ಲಿ ಸಾರ ಹೆಚ್ಚು. ಗಂಜಿಯಾಗಿ ಕುಡಿದರೆ ತಿಳಿಯೂ ಹೊಟ್ಟೆಗೇ ಹೋಗುತ್ತದೆ. ಬೂತಾಯಿ, ಮಲಯಾಳದ ಮತ್ತಿ: ಮುಳ್ಳಿನ ಸಮೇತ ಜಗಿದು ತಿಂದರೆ ಸುಣ್ಣದ ಅಂಶ, ಜೊತೆಗೆ ಒಳ್ಳೆಯ ಎಣ್ಣೆ. ಮೀನು ತಿನ್ನದ ಮನೆಯಲ್ಲಿ ಹುರುಳಿ, ನುಗ್ಗೆ ಸೊಪ್ಪು, ಹರಿವೆ. ಮೊದಲ ಮಳೆಗೆ ಬೇಲಿ ಬದಿಯಲ್ಲಿ ತಾನಾಗಿ ಹುಟ್ಟುವ ತಜಂಕು. ಗದ್ದೆ ಬದುವಿನ ಒಂದೆಲಗ. ಸೊಪ್ಪಿನ ಕಬ್ಬಿಣ ದೇಹಕ್ಕೆ ಹಿಡಿಯಬೇಕಾದರೆ ಜೊತೆಗೆ ಹುಳಿ ಬೇಕು, ಲಿಂಬೆಯೋ ನೆಲ್ಲಿಕಾಯಿಯೋ. ಊಟ ಆದ ಕೂಡಲೇ ಚಹಾ ಕುಡಿದರೆ ಅದು ಅರ್ಧಕ್ಕರ್ಧ ವ್ಯರ್ಥ. ನಾಲ್ಕೂವರೆಗೆ ಹೇಳುವುದಾದರೆ ಬೇಯಿಸಿದ ಹಲಸಿನ ಬೀಜ, ಮಳೆಗಾಲಕ್ಕೆಂದು ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿಟ್ಟ ಸಾಂತಾಣಿ, ಅವಲಕ್ಕಿಗೆ ತೆಂಗಿನಕಾಯಿ-ಬೆಲ್ಲ, ಹೆಸರುಕಾಳಿನ ಉಸ್ಲಿ, ಕೆಂಪು ಬಾಟ್ಲಿಯ ಬದಲಿಗೆ ಪುನರ್ಪುಳಿ. ಹಲಸು ಕೇರಳದ ರಾಜ್ಯಹಣ್ಣು, 2018ರಲ್ಲಿ ಘೋಷಣೆ ಮಾಡಿದ್ದು. ರಾಜ್ಯಹಣ್ಣು ನಮ್ಮ ಗುಡ್ಡೆಯಲ್ಲಿ ಬಿದ್ದು ಕೊಳೆಯುತ್ತದೆ. ರಾಜ್ಯದ ಮಕ್ಕಳು ಪಾಮ್ ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ತಿನ್ನುತ್ತಾರೆ.

ಆದರೆ ಇಲ್ಲೇ ನಾವು ಸ್ವಲ್ಪ ನಿಂತು ಪ್ರಾಮಾಣಿಕವಾಗಿ ಮಾತಾಡಬೇಕು. "ಹಿಂದಿನವರು ಗಂಜಿ ಕುಡಿದು ಗಟ್ಟಿಮುಟ್ಟಾಗಿದ್ದರು" ಅಂತ ಭಾಷಣ ಬಿಗಿಯುವುದು ಸುಲಭ. ನನ್ನ ಅಜ್ಜಿಯನ್ನು ಒಮ್ಮೆ ಹಾಗೆ ಹೊಗಳಿದ್ದೆ. ಅವರು ಹೇಳಿದ್ದು: "ರುಚಿಗೆ ಕುಡಿದದ್ದಲ್ಲ ಪುಳ್ಳಿ, ಬೇರೆ ಇರಲಿಲ್ಲ." ಆಟಿ ತಿಂಗಳು ಅಂದರೆ ಈಗ ನಮಗೆ ಆಹಾರಮೇಳ, ಸ್ಟಾಲು, ಫೋಟೋ. ಅವರಿಗೆ ಅದು ಅಕ್ಕಿ ಮುಗಿದ ತಿಂಗಳು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿ ಭರಣಿ ತುಂಬಿಸಿಟ್ಟದ್ದು ಆ ತಿಂಗಳು ದಾಟಲಿಕ್ಕೆ. ಸ್ವಂತ ಗದ್ದೆ ಇಲ್ಲದೆ ಗೇಣಿಗೆ ದುಡಿದ ಮನೆಗಳಿಗೆ, ಕೂಲಿಗೆ ಹೋದ ಮನೆಗಳಿಗೆ, ಕೊರಗರ ಹಾಡಿಗಳಿಗೆ ಆ ಭರಣಿಯೂ ತುಂಬುತ್ತಿರಲಿಲ್ಲ. ಹಾಗಾಗಿ "ನಮ್ಮ ಸಾಂಪ್ರದಾಯಿಕ ಆಹಾರ" ಅನ್ನುವಾಗ ಯಾರ ಮನೆಯದ್ದು, ಯಾವ ಕಾಲದ್ದು ಅಂತ ಕೇಳಿಕೊಳ್ಳಬೇಕು. ಹಳತೆಲ್ಲ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದೂ ಸರಿಯಲ್ಲ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಉಪ್ಪುಸೊಳೆ, ಹಪ್ಪಳ, ಮಿಡಿ ಉಪ್ಪಿನಕಾಯಿ ಮೂರೂ ಒಂದೇ ಊಟಕ್ಕೆ ಬಂದರೆ ಲೆಕ್ಕ ತಪ್ಪುತ್ತದೆ.

ಅಜ್ಜಿಯ ಆ ಮಾತಿನಲ್ಲೇ ನಮ್ಮ ಮಕ್ಕಳ ನಾಚಿಕೆಯ ಬೇರು ಕೂಡಾ ಉಂಟು ಅಂತ ನನಗೆ ಕಾಣುತ್ತದೆ. ಗಂಜಿ ಅಂದರೆ ಬಡತನ ಅಂತ ಮೊದಲು ನಂಬಿದವರು ಮಕ್ಕಳಲ್ಲ, ನಾವು. ಕೈಯಲ್ಲಿ ನಾಲ್ಕು ಕಾಸು ಬಂದ ಕೂಡಲೇ ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆಗೆ ಹೋದೆವು. ನೆಂಟರು ಬಂದಾಗ ಗಂಜಿ ಪಾತ್ರೆಯನ್ನು ಒಳಗೆ ಸರಿಸಿದೆವು. ನಮ್ಮ ಮದುವೆ ಊಟ ನೋಡಿ: ಗೋಬಿ ಮಂಚೂರಿ ಉಂಟು, ಪನೀರ್ ಉಂಟು, ರುಮಾಲಿ ರೊಟ್ಟಿ ಉಂಟು. ಬಸಳೆ ಎಲ್ಲಿ? ಕನ್ನಡದ ಕಾರ್ಯಕ್ರಮ ಮಾಡುತ್ತೇವೆ, ವೇದಿಕೆಯಲ್ಲಿ ನಾಡು-ನುಡಿ-ಸಂಸ್ಕೃತಿ ಅಂತ ಒಂದು ಗಂಟೆ, ಆಮೇಲೆ ಮಕ್ಕಳ ಕೈಗೆ ಒಂದು ಕಟ್ಲೆಟ್ ಮತ್ತು ಪ್ಯಾಕೆಟ್ ಜ್ಯೂಸ್. ನಾನೂ ಹಂಚಿದ್ದೇನೆ, ಅದೇ ಸುಲಭ ಅಂತ. ಮಕ್ಕಳು ಭಾಷಣ ಕೇಳುವುದಿಲ್ಲ ಬಂಧುಗಳೇ, ಪ್ಲೇಟು ನೋಡುತ್ತಾರೆ. ದೊಡ್ಡವರು ಯಾವುದನ್ನು ಮುಂದೆ ಇಡುತ್ತಾರೆ, ಯಾವುದನ್ನು ಅಡಗಿಸುತ್ತಾರೆ ಅಂತ ಅವರಿಗೆ ಗೊತ್ತಾಗುತ್ತದೆ.

ಇನ್ನೊಂದು ಕಷ್ಟ ಉಂಟು, ಅದು ಗಂಡಸರು ಬರೆಯುವ ಇಂಥ ಬರಹಗಳಲ್ಲಿ ಬರುವುದೇ ಇಲ್ಲ. ಪತ್ರೊಡೆ ಮಾಡಿ, ಕಡುಬು ಮಾಡಿ ಅಂತ ನಾನು ಇಲ್ಲಿ ಕೂತು ಬರೆಯಬಹುದು. ಕೆಸುವಿನ ಎಲೆ ಕೊಯ್ದು, ನಾರು ತೆಗೆದು, ಹುಳಿ ಹಾಕಿ ಅರೆದು, ಹಚ್ಚಿ, ಸುತ್ತಿ, ಬೇಯಿಸುವವರು ಯಾರು? ಹುಳಿ ಕಮ್ಮಿ ಆದರೆ ತುರಿಸುತ್ತದೆ ಅಂತ ಬೈಸಿಕೊಳ್ಳುವವರು ಯಾರು? ಅಕ್ಕ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋಗಿ ಐದೂವರೆಗೆ ಬರುತ್ತಾಳೆ. ಆ ದಿನ ಕಡುಬು ಆದದ್ದು ಅವಳಿಗೆ ರಜೆ ಇದ್ದ ಕಾರಣ. ಉಳಿದ ದಿನ ಮಗಳ ಕೈಗೆ ಇಪ್ಪತ್ತು ರೂಪಾಯಿ ಕೊಡುವುದು ಸೋಮಾರಿತನ ಅಲ್ಲ, ಬೇರೆ ದಾರಿ ಇಲ್ಲದ್ದು. ಊರಿನ ತಿಂಡಿ ಉಳಿಯಬೇಕಾದರೆ ಆ ಕೆಲಸವನ್ನು ಹಂಚಿಕೊಳ್ಳಬೇಕು. ಹದಿನೈದರ ಹುಡುಗನಿಗೆ ಬೈಕ್ ಬಿಡಲಿಕ್ಕೆ ಕಲಿಸುವ ಮನೆಯಲ್ಲಿ ಕಾಯಿ ಹೆರೆಯಲಿಕ್ಕೂ ಕಲಿಸಬಹುದು. ನೀರುದೋಸೆ ಹೊಯ್ಯಲಿಕ್ಕೆ ಎಸ್‌ಎಸ್‌ಎಲ್‌ಸಿ ಪಾಸಾಗಬೇಕು ಅಂತ ಇಲ್ಲ.

ಅಕ್ಕಿಯ ಮಾತೂ ಹಾಗೆಯೇ. ಗದ್ದೆ ಅಡಿಕೆ ತೋಟ ಆಯಿತು, ರಬ್ಬರ್ ಆಯಿತು, ಕೆಲವು ಕಡೆ ಸೈಟ್ ಆಯಿತು. ನಮ್ಮ ನೆಟ್ಟಣಿಗೆ ಕಡೆಯ ಸತ್ಯನಾರಾಯಣ ಬೇಳೇರಿಯವರಿಗೆ 2024ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸ್ಟೇಟಸ್ ಹಾಕಿದೆವು. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದವರು. ರಾಜಕಯಮೆ ಎಂಬ ತಳಿಯನ್ನು ನಾಲ್ಕು ಕಡೆ ಹಬ್ಬಿಸಿದವರು. ಹೆಮ್ಮೆ ಪಡಬೇಕಾದ್ದೇ. ಆದರೆ ರಾಜಕಯಮೆಯ ಅನ್ನ ತಿಂದ ನಮ್ಮ ಹೈಸ್ಕೂಲು ಮಕ್ಕಳು ಎಷ್ಟು? ಬೀಜ ಒಬ್ಬರು ಉಳಿಸಬಹುದು, ರುಚಿಯನ್ನು ಒಬ್ಬರೇ ಉಳಿಸಲಿಕ್ಕೆ ಆಗುವುದಿಲ್ಲ. ತಿನ್ನುವ ಬಾಯಿ ಬೇಕು.

ಈಗ ಭಾಷೆಗೆ ಬರುತ್ತೇನೆ.

ನಾವು ಮೂರ್ನಾಲ್ಕು ಜನ ಸೇರಿ ಒಂದು ರಜಾ ಶಿಬಿರದಲ್ಲಿ ಹದಿಮೂರರಿಂದ ಹದಿನಾರು ವರ್ಷದ ಮಕ್ಕಳಿಗೆ ಒಂದು ಆಟ ಆಡಿಸಿದೆವು. ಮೇಜಿನ ಮೇಲೆ ಹತ್ತು ವಸ್ತು ಇಟ್ಟು ಹೆಸರು ಹೇಳಿ ಅಂದೆವು. ಕಣಿಲೆ, ಒಂದೆಲಗ, ಪುನರ್ಪುಳಿ, ಸಾಂತಾಣಿ, ಮಾಂಬಳ, ಹುರುಳಿ, ಹೀಗೆ. ಯಾವ ಭಾಷೆಯಲ್ಲಾದರೂ ಹೇಳಬಹುದು ಅಂತ ಮೊದಲೇ ಹೇಳಿದ್ದೆವು. ಒಂದೆಲಗಕ್ಕೆ ಒಬ್ಬ ಹುಡುಗಿ "ತಿಮರೆ" ಅಂದಳು, ಇನ್ನೊಬ್ಬ "ಮುತ್ತಿಲ್" ಅಂದ. ನಾವು ಇಬ್ಬರಿಗೂ ಚಪ್ಪಾಳೆ ತಟ್ಟಿದೆವು, ಯಾಕೆಂದರೆ ಮೂರೂ ನಮ್ಮ ಊರಿನ ಮಾತೇ. ನನಗೆ ಬೇಸರ ಆದದ್ದು ತುಳುವಲ್ಲಿ ಹೇಳಿದರು, ಮಲಯಾಳದಲ್ಲಿ ಹೇಳಿದರು ಅಂತ ಅಲ್ಲ. ಉಳಿದವರಲ್ಲಿ ಹೆಚ್ಚಿನವರು ಯಾವ ಭಾಷೆಯಲ್ಲೂ ಹೇಳಲಿಲ್ಲ. "ಅದೊಂದು ಸೊಪ್ಪು" ಅಂದರು. ಕಣಿಲೆಗೆ "ಬಿದಿರಾ?" ಅಂದರು. ಮನೆಯಲ್ಲಿ ಎರಡು ಭಾಷೆ, ಶಾಲೆಯಲ್ಲಿ ಮೂರು ಭಾಷೆ, ಐದರಲ್ಲೂ ಒಂದು ಸೊಪ್ಪಿಗೆ ಹೆಸರು ಇಲ್ಲ.

ಕನ್ನಡ ಹೇಗೆ ಉಳಿಯುತ್ತದೆ ಅಂತ ನಾವು ಕೇಳುತ್ತಾ ಇರುತ್ತೇವೆ. ಶಾಲೆ ಬೇಕು, ಪುಸ್ತಕ ಬೇಕು, ಕನ್ನಡ ಬಲ್ಲ ಅಧ್ಯಾಪಕರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಸ್ತಕದ ಕನ್ನಡ ಪರೀಕ್ಷೆಗೆ ಮುಗಿಯುತ್ತದೆ. ಹೆರೆಯುವುದು, ಕಡೆಯುವುದು, ಒಗ್ಗರಿಸುವುದು, ಬಾಗಿಸುವುದು, ತಿಳಿ, ಬಗ್ಗಡ, ಹಸಿ, ಕೊಚ್ಚಲು, ಇಂಥ ಮಾತುಗಳು ಯಾವ ಪಾಠದಲ್ಲೂ ಬರುವುದಿಲ್ಲ. ಒಲೆಯ ಹತ್ತಿರ ನಿಂತವರಿಗೆ ಮಾತ್ರ ಬರುತ್ತವೆ. ತಿಂಡಿ ಹೋದ ದಿನ ಅದರ ಹೆಸರು, ಅದನ್ನು ಮಾಡುವ ಕ್ರಿಯಾಪದ, ಅದರ ಮೇಲಿನ ಗಾದೆ, ಎಲ್ಲ ಒಟ್ಟಿಗೇ ಹೋಗುತ್ತವೆ. ಅದಕ್ಕೆ ಯಾವ ಸರಕಾರದ ವಿರುದ್ಧ ಧರಣಿ ಕೂರುವುದು?

ಹಾಗಂತ ಸರಕಾರಕ್ಕೆ ಹೇಳಲಿಕ್ಕೆ ಇಲ್ಲ ಅಂತಲ್ಲ. ನಾನು ಹೋದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಆಹಾರ ಸುರಕ್ಷತೆಯ ದೊಡ್ಡ ಪೋಸ್ಟರು ಇತ್ತು. ಪೂರ್ತಿ ಮಲಯಾಳದಲ್ಲಿ. ಅಡುಗೆಯ ಅಕ್ಕನನ್ನು ಕೇಳಿದೆ, "ಇದರಲ್ಲಿ ಎಂತ ಬರೆದಿದೆ?" "ಓದ್ಲಿಕ್ಕೆ ಬರುವುದಿಲ್ಲ, ಚಿತ್ರ ನೋಡಿ ಗೊತ್ತಾಗ್ತದೆ" ಅಂದರು. ಚಿತ್ರದಲ್ಲಿ ಕೈ ತೊಳೆಯುವುದು ಗೊತ್ತಾಗುತ್ತದೆ. ಅನ್ನವನ್ನು ಎಷ್ಟು ಹೊತ್ತು ಹೊರಗೆ ಇಡಬಹುದು ಅಂತ ಗೊತ್ತಾಗುವುದಿಲ್ಲ. ಚೆರುವತ್ತೂರಿನಂಥದ್ದು ಇನ್ನೊಮ್ಮೆ ಆಗಬಾರದು ಅಂತಿದ್ದರೆ ಎಚ್ಚರಿಕೆಯ ಮಾತು ಓದುವವರ ಭಾಷೆಯಲ್ಲಿ ಇರಬೇಕು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಅದು ಕನ್ನಡದಲ್ಲೂ ಇರಬೇಕು. ಇದು ಭಾಷಾಭಿಮಾನದ ಮಾತು ಅಲ್ಲ, ಪ್ರಾಣದ ಮಾತು.

ಮಕ್ಕಳು ಕೇಳಿದರೆ ಸರಕಾರ ಕೇಳಿಸಿಕೊಳ್ಳುವುದೂ ಉಂಟು. 2025ರಲ್ಲಿ ಅಂಗನವಾಡಿಯ ಒಬ್ಬ ಪುಟ್ಟ ಹುಡುಗ "ಉಪ್ಪಿಟ್ಟು ಬೇಡ, ಬಿರಿಯಾನಿ ಬೇಕು" ಅಂದ ವಿಡಿಯೋ ನೀವೆಲ್ಲ ನೋಡಿದ್ದೀರಿ. ಆರೋಗ್ಯ ಮಂತ್ರಿಗಳು ಅದನ್ನು ನೋಡಿ, ಜೂನ್‌ನಲ್ಲಿ ಅಂಗನವಾಡಿಯ ಮೆನುವನ್ನೇ ಬದಲಿಸಿ ಮೊಟ್ಟೆ ಬಿರಿಯಾನಿ ಸೇರಿಸಿದರು. ಶಾಲೆಯ ಮಧ್ಯಾಹ್ನದ ಊಟದ ಪಟ್ಟಿಯೂ ಅದೇ ವರ್ಷ ಬದಲಾಯಿತು, ವಾರಕ್ಕೊಮ್ಮೆ ಫ್ರೈಡ್ ರೈಸ್, ಲೆಮನ್ ರೈಸ್, ಬಿರಿಯಾನಿ ಹೀಗೆ ಬಂತು. ನನಗೆ ಖುಷಿಯೇ ಆಯಿತು, ಮಗುವಿನ ಮಾತಿಗೆ ಬೆಲೆ ಬಂತಲ್ಲ. ಒಂದೇ ಆಸೆ: ನಮ್ಮ ಕಡೆಯ ಒಂದು ಮಗು ಯಾವಾಗ "ನನಗೆ ಪುಂಡಿ ಬೇಕು" ಅಂತ ಅಷ್ಟೇ ಧೈರ್ಯದಲ್ಲಿ ಕ್ಯಾಮೆರಾ ಎದುರು ಹೇಳುತ್ತದೆ? ಬೇಕು ಅನ್ನಬೇಕಾದರೆ ಮೊದಲು ತಿಂದಿರಬೇಕು. ಹೆಸರು ಗೊತ್ತಿರಬೇಕು. ಹೇಳಲಿಕ್ಕೆ ನಾಚಿಕೆ ಇರಬಾರದು.

ಮಾಡಬಹುದಾದ್ದು ಏನು? ನನಗೆ ತೋಚಿದ್ದು ಹೇಳುತ್ತೇನೆ, ದೊಡ್ಡ ಯೋಜನೆ ಏನೂ ಅಲ್ಲ.

ಒಂದು, ಪಿಟಿಎ ಮೀಟಿಂಗಿಗೆ ಹೋಗಿ. ರಿಸಲ್ಟಿನ ಬಗ್ಗೆ ಕೇಳಿದ ಮೇಲೆ ಊಟದ ಬಗ್ಗೆಯೂ ಕೇಳಿ. ಎಂಟನೇ ಕ್ಲಾಸಿನವರೆಗಿನ ಊಟಕ್ಕೆ ವಾರದಲ್ಲಿ ಒಂದು ದಿನ ಊರಿನ ಸೊಪ್ಪು, ಊರಿನ ತರಕಾರಿ ಬರಲಿ. ಬಸಳೆ, ಹರಿವೆ, ಗುಜ್ಜೆ ಯಾರ ಹಿತ್ತಲಲ್ಲಿ ಇಲ್ಲ? ಒಂದು ಕಟ್ಟು ಕಳಿಸಿದರೆ ಯಾರೂ ಬೇಡ ಅನ್ನುವುದಿಲ್ಲ.

ಎರಡು, ಹೈಸ್ಕೂಲು, ಹೈಯರ್ ಸೆಕೆಂಡರಿ ಮಕ್ಕಳ ನಾಲ್ಕೂವರೆಯ ಹಸಿವು. ಶಾಲೆಯ ಒಳಗೇ ಕುಟುಂಬಶ್ರೀ ಮಹಿಳೆಯರು ನಡೆಸುವ "ಮಾ ಕೇರ್" ಅಂಗಡಿಗಳು ನಮ್ಮ ಜಿಲ್ಲೆಯಲ್ಲೂ ಉಂಟು. ಅಂಥ ಕಡೆ ದಿನಕ್ಕೊಂದು ಊರ ತಿಂಡಿ ಇಡಲಿ: ಸೋಮವಾರ ಉಸ್ಲಿ, ಮಂಗಳವಾರ ಪುಂಡಿ, ಹೀಗೆ. ಮಾಡಿದವರಿಗೆ ಸಂಪಾದನೆ, ತಿಂದವರಿಗೆ ಹೊಟ್ಟೆ, ಮನೆಯ ಅಮ್ಮನಿಗೆ ಒಂದು ದಿನ ಬಿಡುವು. ಹೆಸರಿನ ಬೋರ್ಡು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ದುಡ್ಡು ಕೊಟ್ಟು ಕೇಳಿ ತಿನ್ನುವ ತಿಂಡಿ ಆದರೆ ಅದು ಮಕ್ಕಳ ಲೆಕ್ಕಕ್ಕೆ ಬರುತ್ತದೆ, "ಎಂತದೂ ಇಲ್ಲ" ಅನ್ನುವ ಪಟ್ಟಿಯಿಂದ ಹೊರಗೆ ಬರುತ್ತದೆ.

ಮೂರು, ನಮ್ಮ ಸಂಘಟನೆಗಳ ಕಾರ್ಯಕ್ರಮದಲ್ಲಿ ಪ್ಯಾಕೆಟ್ ಜ್ಯೂಸ್ ನಿಲ್ಲಲಿ. ಒಂದು ಹಂಡೆ ಪುನರ್ಪುಳಿ ಶರಬತ್ತು, ಅವಲಕ್ಕಿ. ಖರ್ಚೂ ಕಮ್ಮಿ. ಇದಕ್ಕೆ ಯಾರ ಒಪ್ಪಿಗೆಯೂ ಬೇಡ, ಮುಂದಿನ ಕಾರ್ಯಕ್ರಮದಿಂದಲೇ ಶುರು ಮಾಡಬಹುದು.

ನಾಲ್ಕು, ಮಕ್ಕಳನ್ನು ಅಡುಗೆಮನೆಗೆ ಕರೆಯಿರಿ, ಗಂಡುಮಕ್ಕಳನ್ನೂ. ಬೈಯದೆ ಕರೆಯಿರಿ. ಫೋನು ಹಿಡಿದುಕೊಂಡೇ ಬರಲಿ, ಅಜ್ಜಿ ರೊಟ್ಟಿ ತಟ್ಟುವುದನ್ನು ರೀಲ್ಸ್ ಮಾಡಲಿ. ರೀಲ್ಸಿಗೆ ಹೆಸರು ಹಾಕುವಾಗ ಅಜ್ಜಿ ಹೇಳಿದ ಹೆಸರನ್ನೇ ಹಾಕಲಿ.

ಅಕ್ಕನ ಮಗಳ ಸುದ್ದಿ ಹೇಳಿ ಮುಗಿಸುತ್ತೇನೆ. ಆ ದಿನ ಹೊರಡುವಾಗ ಅಕ್ಕ ಡಬ್ಬದಿಂದ ಒಂದು ಮುಷ್ಟಿ ಸಾಂತಾಣಿ ನನ್ನ ಕೈಗೆ ಹಾಕಿದಳು. ನಾನು ಅದರಲ್ಲಿ ಅರ್ಧವನ್ನು ಹುಡುಗಿಯ ಬ್ಯಾಗಿನ ಸೈಡ್ ಜೇಬಿಗೆ ಹಾಕಿ, "ಬಸ್ಸಲ್ಲಿ ಜಗಿಯಲಿಕ್ಕೆ" ಅಂದೆ. ಅವಳು ಮುಖ ಗಂಟು ಹಾಕಿದಳು. ಹದಿನೈದು ದಿನ ಕಳೆದು ಅಕ್ಕನಿಗೆ ಫೋನ್ ಮಾಡಿದಾಗ ಹಿಂದಿನಿಂದ ಅವಳ ಸ್ವರ ಕೇಳಿತು: "ಮಾವನ ಹತ್ರ ಕೇಳು ಅಮ್ಮ, ಆ ಬೀಜದ್ದು ಹೆಸರು ಎಂತ? ಫ್ರೆಂಡ್ಸ್ ಕೇಳ್ತಾರೆ."

ಅವಳು ಪಫ್ಸ್ ಬಿಟ್ಟಿದ್ದಾಳಾ? ಇಲ್ಲ. ಬಿಡಬೇಕು ಅಂತ ನಾನೂ ಹೇಳಿಲ್ಲ. ಆದರೆ ಈಗ ನಾಲ್ಕೂವರೆಗೆ ಅವಳ ಹತ್ತಿರ ಎರಡು ಉಂಟು, ಒಂದು ಅಂಗಡಿಯದ್ದು, ಒಂದು ಮನೆಯದ್ದು. ಎರಡನೆಯದ್ದಕ್ಕೆ ಹೆಸರೂ ಉಂಟು.

ನಿಮ್ಮ ಮನೆಯ ಮಕ್ಕಳು ನಿನ್ನೆ ಸಂಜೆ ಎಂತ ತಿಂದರು? ಬೈಯಲಿಕ್ಕೆ ಅಲ್ಲ, ಸುಮ್ಮನೆ ಕೇಳಿ ನೋಡಿ. ನಿಮ್ಮ ಕಡೆ ಮಾತ್ರ ಮಾಡುವ, ಬೇರೆಯವರಿಗೆ ಗೊತ್ತಿಲ್ಲದ ಒಂದು ತಿಂಡಿ ಇದ್ದರೆ ಅದರ ಹೆಸರು ಇಲ್ಲಿ ಬರೆಯಿರಿ. ಕನ್ನಡದಲ್ಲಾಗಲಿ, ತುಳುವಲ್ಲಾಗಲಿ, ಹವ್ಯಕದಲ್ಲಾಗಲಿ, ನಿಮ್ಮ ಅಜ್ಜಿ ಹೇಳುತ್ತಿದ್ದ ಹಾಗೆಯೇ ಬರೆಯಿರಿ.